ಕಡಗೋಲು ಎಳೆದ ನೆಟ್ಟನೆ ಗೆರೆ

ಕಾಲೇಜಿನ ಸಂಚಿಕೆಗೆ ಹೊಸಬರಲ್ಲಿ ಹುಮ್ಮಸ್ಸು ತುಂಬುವಂಥ ಎರಡು ಪುಟ ಬರೆದುಕೊಡಿ ಎಂದು ಒಬ್ಬ ತರುಣ ಅಧ್ಯಾಪಕ ಮೊನ್ನೆ ಮನೆಗೆ ಬಂದಿದ್ದ. ಹುಮ್ಮಸ್ಸು ಮಾರುವ ಅಂಗಡಿ ನಾನು ಇಟ್ಟಿಲ್ಲಪ್ಪ ಎಂದು ಚಹಾ ಕುಡಿಸಿ ಕಳಿಸಿದೆ. ಅವನು ಹೋಗುವಾಗ ತನ್ನ ಕೈಯಲ್ಲಿದ್ದ ಪ್ರಯೋಗಾಲಯದ ಕೈಪಿಡಿ ಮರೆತು ಬಿಟ್ಟುಹೋದ. ತೆರೆದು ನೋಡಿದೆ. ಆ ಸಾಲು ಇನ್ನೂ ಅಲ್ಲೇ ಇದೆ: ‘ಪಾಲಿಮರ್ ದ್ರಾವಣವನ್ನು ಅಳೆಯುವ ಮೊದಲು ಯಂತ್ರದಿಂದ ಚೆನ್ನಾಗಿ ಕಡೆಯಬೇಕು.’ ಓದುತ್ತಿದ್ದಂತೆ ಮೈಯೆಲ್ಲ ಉರಿಯಿತು. ಈ ಸಾಲು ಹೇಗೆ ಹುಟ್ಟಿತು, ಒಬ್ಬ ಹುಡುಗಿಯ ಡಿಗ್ರಿಯನ್ನು ಹೇಗೆ ನುಂಗಿತು ಎಂಬುದನ್ನು ಬರೆಯದಿದ್ದರೆ ನನಗೆ ಉಂಡ ಅನ್ನ ಅರಗುವುದಿಲ್ಲ.

ನಾನು ಬಾಗಲಕೋಟೆಯ ವಿದ್ಯಾಗಿರಿಯ ಕಾಲೇಜಿನಲ್ಲಿ ಭೌತಶಾಸ್ತ್ರ ಕಲಿಸುತ್ತ ಮುದುಕನಾದವನು. ಎಪ್ಪತ್ತರ ದಶಕದ ಮೊದಲಲ್ಲಿ ಕೆಲಸಕ್ಕೆ ಸೇರಿದೆ. ಶಾಲು ಹೊದಿಸಿದ್ದು, ಹಾರ ಹಾಕಿದ್ದು, ಯಾವಾಗ ಯಾವ ಶ್ರೇಣಿಗೆ ಏರಿದೆ ಎಂಬುದು, ಇವೆಲ್ಲ ಹಾಳಾಗಲಿ ಬಿಡಿ. ನಮ್ಮ ಕೆಲಸ ಏನಿತ್ತು ಎಂಬುದನ್ನು ಮೊದಲು ಹೇಳುತ್ತೇನೆ.

ಪಾಲಿಮರಿನ ಒಂದೊಂದು ಅಣುವೂ ಉದ್ದನೆಯ ಸರಪಳಿ. ಬಹಳಷ್ಟು ನೀರಿಗೆ ಒಂದು ಚಿಟಿಕೆ ಪುಡಿ ಹಾಕಿ ಕರಗಿಸಿದರೆ ಸರಪಳಿಗಳು ದಾರದ ಉಂಡೆಗಳಂತೆ ಸುತ್ತಿಕೊಂಡು, ಒಂದಕ್ಕೊಂದು ತಾಕದೆ ತೇಲುತ್ತವೆ. ಇದು ತೆಳು ದ್ರಾವಣ. ಇದನ್ನು ಎರಡು ಗೋಡೆಗಳ ನಡುವೆ ಇಟ್ಟು ಒಂದು ಗೋಡೆಯನ್ನು ಸರಿಸಿದರೆ ನೀರಿನ ಪದರದ ಮೇಲೆ ಪದರ ಜಾರುತ್ತದೆ. ಆ ಜಾರಿಕೆಯ ಎಳೆತಕ್ಕೆ ಉಂಡೆ ಬಿಚ್ಚಿಕೊಂಡು ಉದ್ದಕ್ಕೆ ಚಾಚುತ್ತದೆ. ಹಾಗೆ ಚಾಚಿದಾಗ ದ್ರಾವಣ ಹರಿವಿಗೆ ಎಷ್ಟು ಅಡ್ಡಿ ಮಾಡುತ್ತದೆ, ಅಂದರೆ ಅದರ ಸ್ನಿಗ್ಧತೆ ಎಷ್ಟು, ಎಂಬುದನ್ನು ಗಣಿತದಲ್ಲಿ ಹಿಡಿಯುವುದು ನಮ್ಮ ಹುಚ್ಚಾಗಿತ್ತು. ಇಡೀ ಸರಪಳಿಯ ಲೆಕ್ಕ ಯಾರಿಂದಲೂ ಆಗದು. ಹಾಗಾಗಿ ಸರಪಳಿಯ ಬದಲು ಎರಡು ಮಣಿ, ನಡುವೆ ಒಂದು ಸ್ಪ್ರಿಂಗ್ ಎಂದು ಊಹಿಸಿಕೊಳ್ಳುತ್ತಾರೆ. ಆ ಸ್ಪ್ರಿಂಗು ಎಷ್ಟು ಬೇಕಾದರೂ ಚಾಚುತ್ತದೆ ಎಂದು ಹಿಡಿದರೆ, ಎಷ್ಟೇ ಜೋರಾಗಿ ಹರಿಸಿದರೂ ಸ್ನಿಗ್ಧತೆ ಬದಲಾಗುವುದಿಲ್ಲ, ನಕ್ಷೆಯ ಮೇಲೆ ನೆಟ್ಟನೆಯ ಗೆರೆ ಬರುತ್ತದೆ. ಚಾಚುವುದಕ್ಕೊಂದು ಮಿತಿ ಇದೆ ಎಂದು ಹಿಡಿದರೆ ವೇಗ ಹೆಚ್ಚಿದಂತೆ ಸ್ನಿಗ್ಧತೆ ಇಳಿಯುತ್ತದೆ, ಗೆರೆ ಕೆಳಗೆ ಬಾಗುತ್ತದೆ. ಇಷ್ಟು ತಿಳಿದರೆ ಮುಂದಿನದೆಲ್ಲ ತಿಳಿಯುತ್ತದೆ. ನಾನು ಮೊದಮೊದಲು ಪಿಷ್ಟದ ದ್ರಾವಣ ಹಿಡಿದು ಕೂತಿದ್ದರಿಂದ ಸ್ಟಾಫ್ ರೂಮಿನಲ್ಲಿ ನನಗೆ ‘ಗಂಜಿ ಮಾಸ್ತರ’ ಎಂದು ಹೆಸರಿಟ್ಟಿದ್ದರು.

ನಮ್ಮ ವಿಭಾಗದ ಮುಖ್ಯಸ್ಥರ ಹೆಸರು ಬರೆಯುವುದಿಲ್ಲ. ಎಲ್ಲರೂ ಕರೆಯುತ್ತಿದ್ದಂತೆ ದೊಡ್ಡ ಸರ್ ಎನ್ನುತ್ತೇನೆ. ಅವರ ಡಾಕ್ಟರೇಟು ಆ ಮಿತಿಯಿಲ್ಲದೆ ಚಾಚುವ ಸ್ಪ್ರಿಂಗಿನ ಮೇಲೆ. ಆ ಗಣಿತದಲ್ಲಿ ತಪ್ಪಿರಲಿಲ್ಲ, ನಾನು ಕೂತು ನೋಡಿದ್ದೇನೆ. ಆದರೆ ಒಮ್ಮೆ ಗಣಿತ ಮಾಡಿ ಮುಗಿಸಿದ ಮೇಲೆ ಲೋಕದ ನೀರೆಲ್ಲ ತಮ್ಮ ಪ್ರಬಂಧದ ಪ್ರಕಾರ ಹರಿಯಬೇಕು ಎಂದು ಹಟ ಹಿಡಿದವರು ಅವರು.

ಅವರ ರೀತಿ ನನಗೆ ಮೊದಲ ಬೇಸಿಗೆಯಲ್ಲೇ ಗೊತ್ತಾಗಬೇಕಿತ್ತು. ಸ್ನಿಗ್ಧತೆ ಅಳೆಯುವಾಗ ದ್ರಾವಣದ ಉಷ್ಣತೆ ಒಂದೇ ಸಮ ಇರಬೇಕು. ಅದಕ್ಕೆಂದು ನಮ್ಮಲ್ಲಿ ಒಂದು ನೀರಿನ ತೊಟ್ಟಿ ಇತ್ತು. ಅದರಲ್ಲಿ ಕಾಯಿಸುವ ಸುರುಳಿ ಇತ್ತು, ತಣಿಸುವ ಏರ್ಪಾಡು ಇರಲಿಲ್ಲ. ತಣ್ಣಗಿನ ದೇಶದಲ್ಲಿ ಮಾಡಿದ ಸಾಮಾನು, ಬಾಗಲಕೋಟೆಯ ಮೇ ತಿಂಗಳು ಅದಕ್ಕೇನು ಗೊತ್ತು? ಕೋಣೆಯೇ ಕಾದ ಹಂಚಿನಂತಾಗಿದ್ದಾಗ ತೊಟ್ಟಿಯ ನೀರು ಇಪ್ಪತ್ತೈದು ಡಿಗ್ರಿಗೆ ಇಳಿಯುವುದೆಲ್ಲಿಂದ? ನಾನು ಅಳೆದದ್ದು ನಲವತ್ತರಲ್ಲಿ, ನಲವತ್ತು ಎಂದೇ ಬರೆದೆ. ದೊಡ್ಡ ಸರ್ ಅದನ್ನು ನೋಡಿ, ಮಗುವಿಗೆ ಬುದ್ಧಿ ಹೇಳುವ ದನಿಯಲ್ಲಿ ಹೇಳಿದರು: “ಇಪ್ಪತ್ತೈದು ಅಂತ ಬರೀರಿ ಮಾಸ್ತರ. ಇಡೀ ಜಗತ್ತು ಇಪ್ಪತ್ತೈದಕ್ಕ ಅಳೀತದ. ನಮ್ಮ ಊರಿನ ಬಿಸಲು ಯಾರಿಗೆ ಬೇಕಾಗೇದ?” ನಾನು ಐಸ್‌ಕ್ಯಾಂಡಿ ಅಂಗಡಿಯಿಂದ ಸೈಕಲ್ಲಿನ ಮೇಲೆ ಗೋಣಿಚೀಲದಲ್ಲಿ ಐಸು ಹೊತ್ತು ತಂದು ತೊಟ್ಟಿಗೆ ಸುರಿದು ಅಳೆದೆ. ಅವರು ನಕ್ಕರು. ಆಗ ನನಗೆ ಬರೀ ಬೇಸರವಾಗಿತ್ತು, ಸಿಟ್ಟು ಬಂದದ್ದು ಗಿರಿಜಾ ಬಂದ ಮೇಲೆ.

ಗಿರಿಜಾ ಇಳಕಲ್ಲಿನವಳು. ಅಪ್ಪ ನೇಕಾರ, ಮನೆಯ ಮುಂದಿನ ಕೋಣೆಯಲ್ಲೇ ಮಗ್ಗದ ಕುಣಿ. ಎಮ್ಮೆಸ್ಸಿಯಲ್ಲಿ ಒಳ್ಳೆಯ ಅಂಕ ತೆಗೆದು, ದೊಡ್ಡ ಸರ್ ಕೈಕೆಳಗೆ ಸಂಶೋಧನೆಗೆ ಸೇರಿದಳು. ಅದು ಎಪ್ಪತ್ತರ ದಶಕದ ಕೊನೆ. ಡಾಕ್ಟರೇಟು ಮುಗಿಸಿದರೆ ಕಾಲೇಜಿನಲ್ಲಿ ಕಾಯಂ ನೌಕರಿ ಸಿಗುತ್ತದೆ, ಇಲ್ಲದಿದ್ದರೆ ಇಲ್ಲ, ಎಂಬುದು ಅವಳಿಗೂ ಗೊತ್ತಿತ್ತು, ಅವಳ ಮನೆಗೂ ಗೊತ್ತಿತ್ತು. ಅವರ ಓಣಿಯಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದ ಮೊದಲ ಹೆಣ್ಣುಮಗಳು ಅವಳು. ಪ್ರಬಂಧಕ್ಕೆ ಸಹಿ ಮಾಡುವವರು ದೊಡ್ಡ ಸರ್. ದಿನದ ಕೆಲಸ ನೋಡಿಕೊಳ್ಳುವವನು ನಾನು.

ಉಪಕರಣವನ್ನು ನಾವೇ ಕಟ್ಟಿದೆವು. ಒಂದರೊಳಗೊಂದು ಕೂರುವ ಎರಡು ಹಿತ್ತಾಳೆಯ ಉರುಳೆಗಳು, ನಡುವೆ ಕೂದಲು ಅಗಲದ ಸಂದು, ಆ ಸಂದಿನಲ್ಲಿ ದ್ರಾವಣ. ಹೊರಗಿನ ಉರುಳೆ ತಿರುಗುತ್ತದೆ. ಒಳಗಿನದು ತಂತಿಗೆ ತೂಗುಬಿದ್ದಿರುತ್ತದೆ. ತಂತಿ ಎಷ್ಟು ತಿರುಚಿಕೊಂಡಿತು ಎಂಬುದರಿಂದ ಸ್ನಿಗ್ಧತೆ ತಿಳಿಯುತ್ತದೆ. ಬಾಗಲಕೋಟೆಯ ಲೇತ್ ಅಂಗಡಿಯಲ್ಲಿ ಉರುಳೆ ಕಡೆಸಿದೆವು. ಬೇರೆ ಬೇರೆ ವೇಗಕ್ಕೆ ತಿರುಗಿಸಲು ಬೆಲ್ಟು ಹಾಕುವ, ಮೆಟ್ಟಿಲು ಮೆಟ್ಟಿಲಾದ ಗಾಲಿ ಬೇಕಿತ್ತು. ಗಿರಿಜಾ ಇಳಕಲ್ಲಿನ ತನ್ನ ಸೋದರಮಾವನ ಪವರ್‌ಲೂಮಿನಿಂದ ಹಳೆಯ ಗಾಲಿಯೊಂದನ್ನು ಬಿಚ್ಚಿಸಿ, ಹುನಗುಂದದ ಮೇಲೆ ಬರುವ ಬಸ್ಸಿನಲ್ಲಿ ತೊಡೆಯ ಮೇಲೆ ಇಟ್ಟುಕೊಂಡು ತಂದಳು. ಸೀರೆಗೆಲ್ಲ ಗ್ರೀಸು ಮೆತ್ತಿತ್ತು. ಕರೆಂಟು ಯಾವಾಗ ಹೋಗುತ್ತದೆ ಎಂದು ಹೇಳಲಾಗದ ಕಾಲ ಅದು. ಅಳತೆಯ ನಡುವೆ ಕರೆಂಟು ಹೋದರೆ ಮತ್ತೆ ಮೊದಲಿನಿಂದ ಶುರು.

ಇನ್ನು ಪುಡಿ. ಪಾಲಿಆಕ್ರಿಲಮೈಡ್ ಎಂಬ ಬಿಳಿಯ ಪುಡಿ, ಬಹಳ ಉದ್ದದ ಸರಪಳಿಗಳದ್ದು. ಹೊರದೇಶದಿಂದ ತರಿಸಲು ಪರವಾನಗಿ ಪಡೆಯುವಷ್ಟರಲ್ಲಿ ನಮ್ಮ ಜೀವ ಹಣ್ಣಾಗಿತ್ತು. ಅದು ನೀರಿನಲ್ಲಿ ಬೇಗ ಕರಗುವುದಿಲ್ಲ. ಗಂಟುಗಂಟಾಗಿ ತೇಲುತ್ತದೆ. ಬಾಟಲಿಯನ್ನು ಆಗಾಗ ಮೆಲ್ಲಗೆ ಹೊರಳಿಸುತ್ತ, ದಿನಗಟ್ಟಲೆ ಕಾಯಬೇಕು. ಗಿರಿಜಾ ಹಾಗೆ ಕಾದು ಮಾಡಿದ ಮೊದಲ ದ್ರಾವಣದಲ್ಲೇ ಗೆರೆ ಬಾಗಿತು. ವೇಗ ಹೆಚ್ಚಿದಂತೆ ಸ್ನಿಗ್ಧತೆ ಇಳಿಯಿತು. ಅವಳು ಮಿತಿಯುಳ್ಳ ಸ್ಪ್ರಿಂಗಿನ ಲೆಕ್ಕ ಹಿಡಿದಳು. ಒಂದೊಂದು ವೇಗಕ್ಕೂ ಮೂರನೇ ಘಾತದ ಒಂದೊಂದು ಸಮೀಕರಣ ಬಿಡಿಸಬೇಕು. ಕಂಪ್ಯೂಟರು ಎಂಬುದು ನಮಗೆ ಕೇಳಿದ ಹೆಸರು ಅಷ್ಟೇ. ಲಾಗ್ ಕೋಷ್ಟಕ ಹರಡಿಕೊಂಡು ಕೂತು ಬಿಡಿಸಿದಳು. ಲೆಕ್ಕದ ಗೆರೆಯೂ ಅಳತೆಯ ಚುಕ್ಕಿಗಳೂ ಒಂದರ ಮೇಲೊಂದು ಕೂತ ದಿನ ನಾವಿಬ್ಬರೂ ಕ್ಯಾಂಟೀನಿಗೆ ಹೋಗಿ ಗಿರಮಿಟ್ಟು ತಿಂದೆವು. ನನ್ನ ವೃತ್ತಿಯಲ್ಲಿ ಅಷ್ಟು ಸಂತೋಷದ ದಿನ ಇನ್ನೊಂದಿಲ್ಲ.

ದೊಡ್ಡ ಸರ್ ನಕ್ಷೆ ನೋಡಿದರು. ಉಪಕರಣದಲ್ಲಿ ದೋಷ ಎಂದರು. ಬರೀ ನೀರು ಹಾಕಿ ಅಳೆದು ತೋರಿಸಿದೆವು, ನೀರಿಗೆ ಗೆರೆ ನೆಟ್ಟಗೇ ಬಂತು. ಹಾಗಾದರೆ ಪುಡಿ ಸರಿಯಿಲ್ಲ ಎಂದರು. ಪುಡಿ ತರಿಸಿದವರು ಅವರೇ. ಕಡೆಗೆ, ಇನ್ನೊಮ್ಮೆ ಹೊಸದಾಗಿ ದ್ರಾವಣ ಮಾಡಿ ಅಳೆಯಿರಿ, ಬೇಗ ಮಾಡಿ, ಎಂದು ಕಡತ ಮುಚ್ಚಿದರು.

ಇಲ್ಲಿ ನಮ್ಮ ಅಟೆಂಡರ್ ಸಂಗಪ್ಪ ಬರುತ್ತಾನೆ. ಬೇವೂರಿನವನು, ನಡುವಯಸ್ಸಿನ ಗೃಹಸ್ಥ, ಮನೆಯಲ್ಲಿ ಎಮ್ಮೆ ಕಟ್ಟಿದ್ದ. ಯಾರ ಮುಖ ಬಾಡಿದರೂ ಸಹಿಸದ ಜೀವ. ಹೊಸ ದ್ರಾವಣದ ಬಾಟಲಿಯಲ್ಲಿ ಗಂಟು ಕರಗದೆ ಗಿರಿಜಾ ಪೇಚಾಡುವುದನ್ನು ಅವನು ನೋಡುತ್ತಿದ್ದ. ಒಂದು ಮುಂಜಾನೆ ನಾವು ಬರುವಷ್ಟರಲ್ಲಿ ದ್ರಾವಣ ಕನ್ನಡಿಯ ಹಾಗೆ ತಿಳಿಯಾಗಿತ್ತು. ಖುಷಿಯಿಂದ ಅಳೆದೆವು. ಗೆರೆ ನೆಟ್ಟಗೆ ಬಂತು, ಒಂದಿಷ್ಟೂ ಬಾಗಲಿಲ್ಲ. ದೊಡ್ಡ ಸರ್ ಕುರ್ಚಿಯಿಂದ ಎದ್ದು ಬಂದು ಗಿರಿಜಾಳ ಬೆನ್ನು ತಟ್ಟಿ, ಎಲ್ಲರಿಗೂ ಪೇಢೆ ತರಿಸಿದರು.

ಆ ಪೇಢೆಯನ್ನು ನಾನು ಕಾಗದದಲ್ಲಿ ಸುತ್ತಿ ಪಕ್ಕಕ್ಕಿಟ್ಟೆ. ಗೆರೆ ನೆಟ್ಟಗಾದದ್ದು ಒಂದು ಕಡೆಗಿರಲಿ, ಮೆಲ್ಲಗೆ ತಿರುಗಿಸಿದಾಗಲೂ ಸ್ನಿಗ್ಧತೆ ಮೊದಲಿನದಕ್ಕಿಂತ ತೀರ ಕಡಿಮೆಯಾಗಿತ್ತು. ಅಷ್ಟೇ ಪುಡಿ, ಅಷ್ಟೇ ನೀರು. ಎಲ್ಲಿ ಹೋಯಿತು ಉಳಿದದ್ದು? ಗಿರಿಜಾ ಸಂಗಪ್ಪನನ್ನು ಕರೆದು ಕೇಳಿದಳು. ಅವನು ಹೆಮ್ಮೆಯಿಂದಲೇ ಹೇಳಿದ: “ಹೌದ್ರಿ ಅಕ್ಕಾರ, ನಾನ ಮಾಡೇನ್ರಿ. ನೀವು ದಿನಾ ಬಂದು ಬಾಟ್ಲಿ ನೋಡಿ ಸಪ್ಪಗ ಹೊಳ್ಳಿ ಹೋಗ್ತಿದ್ರಿ, ನೋಡ್ಲಾರದ ಮನಿಯಿಂದ ಕಡಗೋಲು ತಂದು, ಪಾತ್ರ್ಯಾಗ ಸುರುವಿ ಕಡದ್ನಿರಿ. ಗಂಟೆಲ್ಲಾ ಒಡದು ತಿಳಿ ಆತು. ಬೆಣ್ಣಿ ಬರ್ಲಿಲ್ಲ ಅಷ್ಟ.”

ನನಗೆ ನಗು ಬಂತು. ಗಿರಿಜಾ ನಗಲಿಲ್ಲ. ಅವಳು ಆ ಪಾತ್ರೆಯನ್ನೇ ನೋಡುತ್ತ, “ಎಳಿ ಹರದಾವ್ರಿ ಸರ್,” ಎಂದಳು. “ಉದ್ದನ ಎಳಿ ತುಂಡತುಂಡ ಆಗ್ಯಾವ. ತುಂಡು ಎಲ್ಲಿಂದ ಚಾಚ್ತಾವ್ರಿ?”

ಅದೇ ಸರಿ. ಎಮ್ಮೆಯ ಮೊಸರಿಗೆ ಪಳಗಿದ ತೋಳಿನಿಂದ ಹಗ್ಗ ಹಾಕಿ ಕಡೆದಾಗ ಸರಪಳಿಗಳು ಕಡಿದುಹೋಗಿದ್ದವು. ನಾವು ಖಾತ್ರಿ ಮಾಡಿಕೊಂಡೆವು. ಒಂದೇ ದ್ರಾವಣವನ್ನು ಮೆಲ್ಲಗೆ ಕರಗಿಸಿ, ಎರಡು ಪಾಲು ಮಾಡಿ, ಒಂದನ್ನು ಸಂಗಪ್ಪನ ಕೈಯಿಂದ ಕಡೆಸಿದೆವು, ಇನ್ನೊಂದನ್ನು ಮುಟ್ಟಲಿಲ್ಲ. ಮುಟ್ಟದ್ದು ಬಾಗಿತು. ಕಡೆದದ್ದು ನೆಟ್ಟಗೆ ಬಂತು. ಪಾಪ, ಸಂಗಪ್ಪ ತಲೆ ಮೇಲೆ ಕೈಹೊತ್ತು ಕೂತ. ಅವನ ತಪ್ಪು ತಪ್ಪೇ ಅಲ್ಲ. ಗಂಟು ಕಂಡರೆ ಕಡೆಯುವುದು ನಮ್ಮ ಕಡೆಯ ಕೈಗಳ ರೂಢಿ.

ತಪ್ಪು ಮಾಡಿದವರು ಬೇರೆ. ಎರಡೂ ಪಾತ್ರೆ, ಎರಡೂ ನಕ್ಷೆ ಹಿಡಿದು ನಾವು ದೊಡ್ಡ ಸರ್ ಕೋಣೆಗೆ ಹೋದೆವು. ಅವರು ಮಂದಬುದ್ಧಿಯವರಲ್ಲ. ಅದೇ ನನ್ನ ಸಿಟ್ಟಿಗೆ ಕಾರಣ. ಅವರಿಗೆ ತಿಳಿಯದಿದ್ದರೆ ನಾನು ಕ್ಷಮಿಸುತ್ತಿದ್ದೆ. ಅವರು ಎಲ್ಲ ಕೇಳಿದರು, ಒಳ್ಳೆಯ ಪ್ರಶ್ನೆ ಕೇಳಿದರು, ಎರಡೂ ನಕ್ಷೆಯನ್ನು ಬೆಳಕಿಗೆ ಹಿಡಿದು ನೋಡಿದರು. ಸರಪಳಿ ಹರಿದಿದೆ ಎಂದು ನಮಗಿಂತ ಮೊದಲು ಅವರೇ ಬಾಯಿಬಿಟ್ಟು ಹೇಳಿದರು. ಆಮೇಲೆ ಕನ್ನಡಕ ತೆಗೆದು ಒರೆಸಿಕೊಳ್ಳುತ್ತ ಹೇಳಿದರು: “ಹಂಗಾದ್ರ ಇನ್ನ ಮ್ಯಾಲ ಯಾವಾಗ್ಲೂ ಕಡದ ಅಳೀರಿ. ಅದನ್ನ ಪದ್ಧತಿ ಅಂತ ಬರಕೋರಿ.”

ಕಡೆದರೆ ನಾವು ಅಳೆಯುವುದು ಆ ಪಾಲಿಮರನ್ನಲ್ಲ, ಅದರ ಚೂರನ್ನು, ಎಂದು ಮೇಜು ಗುದ್ದಿ ಹೇಳಿದೆ. ಯಾವ ಸೀಮೆಯ ವಿಜ್ಞಾನ ಇದು ಎಂದೂ ಕೇಳಿದೆ. ಅವರ ದನಿ ಏರಲಿಲ್ಲ. ತಮ್ಮ ಪುಸ್ತಕ ಅಚ್ಚಿಗೆ ಹೊರಟಿದೆ, ಅದಕ್ಕೆ ತಮ್ಮದೇ ಪ್ರಯೋಗಾಲಯ ವಿರುದ್ಧ ಹೇಳುವುದು ಚಂದ ಕಾಣುವುದಿಲ್ಲ, ಎಂದರು. ಗಿರಿಜಾಳ ಕಡೆ ತಿರುಗಿ, ಬಾಗಿದ ಗೆರೆಯ ಅಧ್ಯಾಯ ತೆಗೆದು ನೆಟ್ಟನೆಯದು ಹಾಕಿದರೆ ಮರುದಿನವೇ ಸಹಿ, ಇಲ್ಲದಿದ್ದರೆ ಅವಳ ಸಂಶೋಧನೆಯ ಅವಧಿ ಹೇಗೂ ಮುಗಿಯುತ್ತ ಬಂದಿದೆ, ಎಂದರು. ಒಂದು ವಾರದಲ್ಲಿ ಕಡಗೋಲಿನ ಜಾಗಕ್ಕೆ ಮೋಟಾರು ಕೂಡಿಸಿದ ಕಡೆಯುವ ಯಂತ್ರ ಬಂತು. ನಮ್ಮ ಕಾಲೇಜಿನಲ್ಲಿ ಅಷ್ಟು ಬೇಗ ಬಂದ ಸಾಮಾನು ಅದೊಂದೇ.

ಗಿರಿಜಾ ಎರಡೂ ನಕ್ಷೆ ಹಿಡಿದು ನನ್ನ ಕೋಣೆಗೆ ಬಂದಳು. ಎರಡೂ ಅಧ್ಯಾಯ ಹಾಕು ಎಂದೆ. ಸಹಿ ನಿಮ್ಮದಲ್ಲವಲ್ಲ ಎಂದಳು. ಕಡೆಗೆ ನೆಟ್ಟನೆಯ ಗೆರೆಯನ್ನೇ ಟೈಪು ಮಾಡಿಸಿ ಕೊಟ್ಟಳು. ಕೊಟ್ಟು ಬಂದವಳ ಮುಖ ನೋಡಲು ಆಗುತ್ತಿರಲಿಲ್ಲ.

ಮೌಖಿಕ ಪರೀಕ್ಷೆಗೆ ಹೊರಗಿನಿಂದ ಒಬ್ಬ ಪರೀಕ್ಷಕರು ಬಂದರು, ದೊಡ್ಡ ಹೆಸರಿನವರು. ಹಿಂದಿನ ದಿನವೇ ಬಂದಿದ್ದರು. ಉಪಕರಣ ನೋಡಲಿ ಎಂದು ನಾನು ಬೆಳಗ್ಗೆಯೇ ಎರಡೂ ಪಾತ್ರೆ ಸಿದ್ಧಮಾಡಿ ಕಾದು ಕೂತೆ. ದೊಡ್ಡ ಸರ್ ಅವರನ್ನು ಜೀಪು ಹತ್ತಿಸಿಕೊಂಡು ಬಾದಾಮಿಗೆ ಹೋದರು. ಮೇಣಬಸದಿಯ ಗುಹೆಗಳನ್ನು ತೋರಿಸಿದರು, ಕೆರೆಯ ದಂಡೆಯಲ್ಲಿ ಕೂರಿಸಿ ಊಟ ಮಾಡಿಸಿದರು, ಸಂಜೆಯವರೆಗೂ ಬಿಡಲಿಲ್ಲ. ಅಷ್ಟೇ ಅಲ್ಲ. ಪರೀಕ್ಷಕರ ಹೆಂಡತಿಗೆ ಒಂದು ಇಳಕಲ್ ಸೀರೆ ಬೇಕು ಎಂದು ಗಿರಿಜಾಳಿಗೇ ಹೇಳಿದ್ದರು. ಅವಳ ಅಪ್ಪ ಕೆಂಪು-ಬಿಳಿ ತೋಪತೆನಿ ಸೆರಗಿನ ಸೀರೆ ನೇಯ್ದು ಕಳಿಸಿದ್ದ. ಮಗಳ ಪರೀಕ್ಷೆಗೆ ಎಂದು ಮನಸ್ಸಿಟ್ಟು ನೇಯ್ದದ್ದು, ಕಂಡರೆ ಗೊತ್ತಾಗುತ್ತಿತ್ತು.

ಮರುದಿನ ಸಭಾಂಗಣದಲ್ಲಿ ನಾವೆಲ್ಲ ಕೂತಿದ್ದೆವು. ಗಿರಿಜಾ ಗಣಿತ ಹೇಳಿದಳು, ಎಲ್ಲೂ ತಡವರಿಸಲಿಲ್ಲ. ಪರೀಕ್ಷಕರು ತಲೆಯಾಡಿಸುತ್ತಿದ್ದರು. ಎಲ್ಲ ಮುಗಿಯಿತು ಎನ್ನುವಾಗ, ಏನಾದರೂ ಕೇಳಬೇಕಲ್ಲ ಎಂದು ಕೇಳಿದಂತೆ, ದ್ರಾವಣ ಹೇಗೆ ತಯಾರಿಸಿದಿರಿ ಎಂದು ಕೇಳಿದರು. ಚೆನ್ನಾಗಿ ಕಲಕಿ ಎಂದರೆ ಸಾಕಿತ್ತು. ಪ್ರಬಂಧದಲ್ಲಿ ಹಾಗೇ ಇತ್ತು.

ಅವಳು ಒಮ್ಮೆ ದೊಡ್ಡ ಸರ್ ಕಡೆ ನೋಡಿದಳು. ಅಲ್ಲಿಯವರೆಗೆ ಇಂಗ್ಲಿಷಿನಲ್ಲಿ ಮಾತಾಡುತ್ತಿದ್ದವಳು ತನ್ನ ಮಾತಿಗೆ ಬಂದಳು. “ಎರಡು ರೀತಿ ಮಾಡಿದ್ವಿರಿ. ಮೆಲ್ಲಗ ಕರಗಿಸಿದ್ದು ಒಂದು, ಕಡದದ್ದು ಒಂದು. ಕಡದದ್ದರಾಗ ಸರಪಳಿ ಹರದಾವ. ಪ್ರಬಂಧದಾಗ ಇರೋದು ಹರದದ್ದರ ಅಳತಿ.”

ನಾನು ಎದ್ದು ಎರಡೂ ಪಾತ್ರೆ ತಂದು ಮೇಜಿನ ಮೇಲಿಟ್ಟೆ. ಉಪಕರಣ ಪಕ್ಕದ ಕೋಣೆಯಲ್ಲೇ ಇದೆ, ಈಗಲೇ ಅಳೆದು ತೋರಿಸುತ್ತೇವೆ ಎಂದೆ. ದೊಡ್ಡ ಸರ್ ನನಗೆ ಕೂತುಕೊಳ್ಳಲು ಹೇಳಿದರು. ನಾನು ಕೂರಲಿಲ್ಲ. ಅವರು ಪರೀಕ್ಷಕರ ಕಡೆ ತಿರುಗಿ, ತನ್ನ ಪ್ರಬಂಧ ಸುಳ್ಳೆಂದು ಅಭ್ಯರ್ಥಿಯೇ ಒಪ್ಪಿಕೊಂಡಿದ್ದಾಳೆ, ತಾವೂ ಇದನ್ನು ಈಗಲೇ ಮೊದಲ ಸಲ ಕೇಳುತ್ತಿರುವುದು, ಎಂದರು. ಮೊದಲ ಸಲವಂತೆ! ಆ ಮನುಷ್ಯನ ನಾಲಗೆ ಹೇಗೆ ಹೊರಳಿತೋ. ನಾನು ಕೂಗಾಡಿದೆ, ಕಡಗೋಲಿನ ಕಥೆಯನ್ನೆಲ್ಲ ಹೇಳಿದೆ. ಪರೀಕ್ಷಕರು ಗಡಿಯಾರ ನೋಡಿಕೊಂಡರು. ಅವರಿಗೆ ರೈಲಿನ ಹೊತ್ತಾಗುತ್ತಿತ್ತು. ಹಿಂದಿನ ಇಡೀ ದಿನ ಗುಹೆ ನೋಡಲು ಹೊತ್ತಿದ್ದವರಿಗೆ ಪಕ್ಕದ ಕೋಣೆಗೆ ಬರಲು ಹೊತ್ತಿರಲಿಲ್ಲ.

ಪ್ರಬಂಧ ತಿರಸ್ಕಾರವಾಯಿತು. ಜೀಪಿನ ಹತ್ತಿರ ಪರೀಕ್ಷಕರು ನನ್ನನ್ನು ಪಕ್ಕಕ್ಕೆ ಕರೆದು, ಹುಡುಗಿ ಹೇಳಿದ್ದು ನಿಜವೇ ಇರಬಹುದು, ಆದರೆ ಅದು ಪ್ರಬಂಧದಲ್ಲಿ ಇಲ್ಲವಲ್ಲ, ಎಂದರು. ಅವರ ಕಂಕುಳಲ್ಲಿ ಸೀರೆಯ ಪೊಟ್ಟಣ ಇತ್ತು. ಅದನ್ನು ಕಿತ್ತುಕೊಳ್ಳಬೇಕು ಅನ್ನಿಸಿತು. ಕೈ ಮುಂದೆ ಹೋಗಲಿಲ್ಲ. ಇವತ್ತಿಗೂ ಆ ಕೈ ಮೇಲೆ ನನಗೆ ಸಿಟ್ಟಿದೆ.

ಹೊಸದಾಗಿ ಬರೆದು ಸಲ್ಲಿಸಲು ದೊಡ್ಡ ಸರ್ ಸಹಿ ಬೇಕಿತ್ತು, ಅವರು ಮಾಡಲಿಲ್ಲ. ಬೇರೆ ಮಾರ್ಗದರ್ಶಕರನ್ನು ಹುಡುಕಿಕೊಂಡು ನಾನೂ ಗಿರಿಜಾಳೂ ಎಲ್ಲೆಲ್ಲೋ ಅಲೆದೆವು. ದೊಡ್ಡವರ ಜಗಳ ನಮಗೇಕೆ ಎಂದು ಎಲ್ಲರೂ ಕೈ ತೊಳೆದುಕೊಂಡರು. ಅವಳ ಅವಧಿ ಮುಗಿಯಿತು. ಹುನಗುಂದದ ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸುವ ಕೆಲಸ ಹಿಡಿದಳು, ಇಳಕಲ್ಲಿನಿಂದ ದಿನಾ ಬಸ್ಸಿನಲ್ಲಿ ಹೋಗಿ ಬರುತ್ತಿದ್ದಳು. ದೊಡ್ಡ ಸರ್ ಪುಸ್ತಕ ಅಚ್ಚಾಯಿತು. ಅದರಲ್ಲಿ ನೆಟ್ಟನೆಯ ಗೆರೆಯ ನಕ್ಷೆ ಇದೆ, ಚುಕ್ಕಿಗಳೆಲ್ಲ ಗಿರಿಜಾ ಅಳೆದವು, ಅವಳ ಹೆಸರು ಇಲ್ಲ. ಅವರ ನಿವೃತ್ತಿಯ ದಿನ ಮೆರವಣಿಗೆ ಮಾಡಿದರು. ನಾನು ಹೋಗಲಿಲ್ಲ. ನನ್ನನ್ನು ಪ್ರಯೋಗಾಲಯದಿಂದ ಎತ್ತಿ ಮೊದಲ ವರ್ಷದ ತರಗತಿಗಳಿಗೆ ಹಾಕಿದ್ದರು, ಅಲ್ಲೇ ಮುದುಕನಾದೆ. ಕಡೆಯುವ ಯಂತ್ರ ಮಾತ್ರ ಕೈಪಿಡಿಗೆ ಹತ್ತಿತು. ಪ್ರತಿ ಸಲ ಅಚ್ಚಾಗುವಾಗಲೂ ಆಕ್ಷೇಪಣೆ ಬರೆದುಕೊಟ್ಟೆ. ಹಿಂದಿನಿಂದ ಬಂದ ಪದ್ಧತಿ ಎಂಬುದೇ ಉತ್ತರ. ಹುಡುಗರು ಕಡೆಯುತ್ತಾರೆ, ಅಳೆಯುತ್ತಾರೆ, ಸ್ನಿಗ್ಧತೆ ಬದಲಾಗುವುದಿಲ್ಲ ಎಂದು ಬರೆದು ಅಂಕ ಪಡೆಯುತ್ತಾರೆ.

ಇಷ್ಟು ಬರೆದಾದ ಮೇಲೆ ಇಳಕಲ್ಲಿಗೆ ಹೋಗಿ ಗಿರಿಜಾಳಿಗೆ ಓದಿ ಹೇಳಿದೆ. ಅವಳಿಗೂ ಈಗ ತಲೆ ನೆರೆತಿದೆ, ಶಾಲೆಯಿಂದ ನಿವೃತ್ತಳಾಗಿದ್ದಾಳೆ. ಕಣ್ಣು ಮುಚ್ಚಿ ಕೇಳಿದಳು. ಕೊನೆಯಲ್ಲಿ ನಾನು, ಡಿಗ್ರಿ ಹೋದರೂ ಸತ್ಯ ಹೇಳಿ ಗೆದ್ದವಳು ಅವಳೇ, ಎಂದು ಒಂದು ಸಾಲು ಬರೆದಿದ್ದೆ. ಬಹಳ ಚಂದ ಬಂದಿದೆ ಎಂದುಕೊಂಡಿದ್ದೆ.

ಅವಳು ಕಣ್ಣು ತೆರೆದಳು. “ಆ ಸಾಲು ಹೊಡದ ಹಾಕ್ರಿ ಸರ್,” ಎಂದಳು. “ನಾ ಎಲ್ಲೆ ಗೆದ್ದೆ? ಗೆದ್ದವರು ಅವರು. ಹಿಂಗ ಗೆದ್ದಾಳ ಗೆದ್ದಾಳ ಅನಕೋತ ನೀವೆಲ್ಲಾ ಸಮಾಧಾನ ಆಗೀರಿ. ನಂಗ ಆ ಡಿಗ್ರಿ ಬೇಕಾಗಿತ್ತು.”

ನಾನು ಅಲ್ಲೇ ಪೆನ್ನು ತೆಗೆದು ಆ ಸಾಲನ್ನು ಹೊಡೆದು ಹಾಕಿದೆ. ಕಾಲೇಜಿನವರೇ, ಕೈಪಿಡಿಯಲ್ಲಿರುವ ಸಾಲನ್ನು ನೀವು ಹೊಡೆದು ಹಾಕಿ.